ಮುಳುಗಿದವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಬದುಕುತ್ತಾರಾ? ರೆಸಾರ್ಟ್ ಈಜುಕೊಳಕ್ಕೆ ಇಳಿಯುವ ಮುನ್ನ ತಿಳಿದಿರಬೇಕಾದ ನಿಜಗಳು

ರಜೆ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಿಗೆ ಎರಡು ಬಗೆಯ ಮೆಸೇಜ್ ಬರತೊಡಗುತ್ತವೆ. ಒಂದು, ನೀಲಿ ನೀರಿನ ಈಜುಕೊಳದ ಫೋಟೊ ಇರುವ ರೆಸಾರ್ಟ್ ಪ್ಯಾಕೇಜ್. ಇನ್ನೊಂದು, ‘ಯಾರಾದರೂ ನೀರಿನಲ್ಲಿ ಮುಳುಗಿ ಸತ್ತರೆ ದೇಹವನ್ನು ಕ್ವಿಂಟಲ್‌ಗಟ್ಟಲೆ ಉಪ್ಪಿನಲ್ಲಿ ಮುಚ್ಚಿಡಿ, ಕೆಲವು ಗಂಟೆಗಳಲ್ಲಿ ಉಸಿರಾಟ ಮರಳುತ್ತದೆ, ತಪ್ಪದೆ ಎಲ್ಲರಿಗೂ ಕಳುಹಿಸಿ’ ಎನ್ನುವ ಫಾರ್ವರ್ಡ್. ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ ಹೊಳೆ ದಂಡೆಯ ಊರುಗಳಿರಲಿ, ಎಡದಂಡೆ ಕಾಲುವೆಯ ಹಳ್ಳಿಗಳಿರಲಿ, ಮಸ್ಕಿ, ಲಿಂಗಸುಗೂರಿನ ಪೇಟೆಯ ಮನೆಗಳಿರಲಿ, ಈ ಮೆಸೇಜ್ ಎಲ್ಲ ಕಡೆ ಓಡಾಡುತ್ತದೆ. ಹಾಗಾದರೆ ಇದರಲ್ಲಿ ನಿಜ ಎಷ್ಟು?

ಚಿಕ್ಕ ಉತ್ತರ: ಉಪ್ಪಿನ ಮೆಸೇಜ್ ಪೂರ್ತಿ ಸುಳ್ಳು. ಅದನ್ನು ನಂಬಿದರೆ ಬದುಕಬಹುದಾದ ಜೀವವೂ ಹೋಗಬಹುದು. ಮುಳುಗಿದವರನ್ನು ಉಳಿಸುವುದು ಮೊದಲ ಕೆಲವು ನಿಮಿಷಗಳಲ್ಲಿ ಕೊಡುವ ಬಾಯಿಂದ ಬಾಯಿಗೆ ಉಸಿರು ಮತ್ತು ಎದೆ ಒತ್ತುವಿಕೆ. ಅದಕ್ಕಿಂತ ಮುಖ್ಯವಾದದ್ದು, ಮುಳುಗದ ಹಾಗೆ ನೋಡಿಕೊಳ್ಳುವುದು. ಒಂದೊಂದಾಗಿ ನೋಡೋಣ.

ಉಚ್ಚಿಲದಲ್ಲಿ ನಡೆದದ್ದೇನು?

2024ರ ನವೆಂಬರ್ 17, ಭಾನುವಾರ ಬೆಳಿಗ್ಗೆ. ಮಂಗಳೂರು ಹೊರವಲಯದ ಉಳ್ಳಾಲ ಬಳಿಯ ಉಚ್ಚಿಲದ ಬೀಚ್ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಮೂವರೂ ಇಪ್ಪತ್ತರ ಆಸುಪಾಸಿನವರು. ಒಬ್ಬರು ಆಳದ ಕಡೆ ಹೋಗಿ ಸಿಕ್ಕಿಕೊಂಡರು. ಅವರನ್ನು ಎಳೆಯಲು ಹೋದ ಇನ್ನೊಬ್ಬರು ಮುಳುಗಿದರು, ಅವರಿಬ್ಬರನ್ನು ಉಳಿಸಲು ಹೋದ ಮೂರನೆಯವರೂ ಮುಳುಗಿದರು. ಕೊಳದ ಆಳ ಸುಮಾರು 6 ಅಡಿ. ಅಲ್ಲಿ ಲೈಫ್‌ಗಾರ್ಡ್ ಇರಲಿಲ್ಲ ಎಂದು ಪೊಲೀಸರು ತಿಳಿಸಿದರು. ರೆಸಾರ್ಟಿನ ಪರವಾನಗಿ ಅಮಾನತಾಯಿತು, ಮಾಲೀಕ ಮತ್ತು ವ್ಯವಸ್ಥಾಪಕರ ಬಂಧನವಾಯಿತು.

ಸಿಸಿಟಿವಿಯಲ್ಲಿ ಸೆರೆಯಾದ ಆ ದೃಶ್ಯ ರಾಜ್ಯದ ಬಹುತೇಕ ಫೋನ್‌ಗಳಿಗೆ ಬಂತು. ‘ಅಯ್ಯೋ ಪಾಪ’ ಎಂದು ನೋಡಿ ಮುಂದೆ ಕಳಿಸಿದವರೇ ಹೆಚ್ಚು. ಆದರೆ ಆ ಘಟನೆಯಲ್ಲಿ ನಾವು ಕಲಿಯಬೇಕಾದ ಸಂಗತಿಗಳು ಬಹಳ ಇವೆ. ಅದು ಸಮುದ್ರವಲ್ಲ, ಹೊಳೆಯಲ್ಲ. ಕೆಲವೇ ಹೆಜ್ಜೆ ಅಗಲದ, ಅಲೆ ಇಲ್ಲದ, ತಳ ಕಾಣುವ ನೀರು.

ನಂಬಿಕೆ 1: ಮುಳುಗುವವರು ಕೂಗುತ್ತಾರೆ, ಕೇಳಿಸುತ್ತದೆ

ನಿಜ: ಹೆಚ್ಚಿನವರು ಕೂಗುವುದಿಲ್ಲ. ಸಿನಿಮಾದಲ್ಲಿ ಕೈ ಬೀಸಿ ‘ಕಾಪಾಡಿ’ ಎಂದು ಕಿರುಚುತ್ತಾರೆ. ನಿಜ ಜೀವನದಲ್ಲಿ ಬಾಯಿ ನೀರಿನ ಮೇಲೆ ಬಂದ ಅರೆಕ್ಷಣ ಉಸಿರು ಎಳೆಯುವುದಕ್ಕೇ ಸಾಲುವುದಿಲ್ಲ, ಮಾತಾಡುವುದೆಲ್ಲಿ ಬಂತು? ಕೈಗಳು ತಮ್ಮಷ್ಟಕ್ಕೆ ಎರಡೂ ಬದಿಗೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತವೆ. ದೇಹ ನೆಟ್ಟಗೆ ನಿಂತಂತೆ ಇರುತ್ತದೆ. ನ್ಯೂಯಾರ್ಕ್‌ನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾನ್ಸೆಸ್ಕೊ ಪಿಯಾ ಮುಳುಗುವವರ ದೃಶ್ಯಗಳನ್ನು ಅಧ್ಯಯನ ಮಾಡಿ ಈ ಲಕ್ಷಣಗಳನ್ನು ವಿವರಿಸಿದರು. ಅವರ ಪ್ರಕಾರ ಇಂಥ ಒದ್ದಾಟ ಪೂರ್ತಿ ಮುಳುಗುವ ಮೊದಲು ಸುಮಾರು 20ರಿಂದ 60 ಸೆಕೆಂಡ್ ಮಾತ್ರ ಇರುತ್ತದೆ.

ಒಂದು ವಾಟ್ಸ್ಆ್ಯಪ್ ವಿಡಿಯೊ ನೋಡಿ ಮುಗಿಸುವಷ್ಟು ಹೊತ್ತು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ ಅಪ್ಪ ಅಮ್ಮನಿಗೆ ಗೊತ್ತಾಗದಿರಲು ಕಾರಣ ಇದೇ. ಮಕ್ಕಳು ನೀರಿನಲ್ಲಿ ಇದ್ದಕ್ಕಿದ್ದಂತೆ ಸುಮ್ಮನಾದರೆ, ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲಿದ್ದರೆ, ಕಣ್ಣು ಗಾಜಿನಂತೆ ಕಂಡರೆ, ಮೆಟ್ಟಿಲು ಹತ್ತುವವರಂತೆ ಕೈ ಆಡಿಸುತ್ತಿದ್ದರೆ ‘ಆಡ್ತಾ ಇದಾರೆ’ ಎಂದುಕೊಳ್ಳಬೇಡಿ. ‘ಹೆಂಗಿದೀಯಾ?’ ಎಂದು ಕೇಳಿ. ಉತ್ತರ ಬರದಿದ್ದರೆ ಆ ಕ್ಷಣವೇ ಎಳೆದುಕೊಳ್ಳಿ.

ನಂಬಿಕೆ 2: ನಾಲ್ಕೈದು ಅಡಿ ನೀರು, ಏನೂ ಆಗುವುದಿಲ್ಲ

ನಿಜ: 5 ಅಡಿ ಎತ್ತರದವರ ಬಾಯಿ ಇರುವುದು ನೆಲದಿಂದ ಸುಮಾರು ನಾಲ್ಕೂವರೆ ಅಡಿ ಮೇಲೆ. ಅಂದರೆ 5 ಅಡಿ ನೀರಿನಲ್ಲಿ ಅವರ ನೆತ್ತಿ ನೀರಿನ ಮಟ್ಟಕ್ಕೆ ಬರುತ್ತದೆ, ಮೂಗು ಬಾಯಿ ಒಳಗೇ ಉಳಿಯುತ್ತವೆ. ಈಜು ಬಾರದವರ ಮಟ್ಟಿಗೆ 5 ಅಡಿಗೂ 50 ಅಡಿಗೂ ವ್ಯತ್ಯಾಸ ಇಲ್ಲ.

ಹಲವು ಹೋಟೆಲ್ ಕೊಳಗಳ ತಳ ಸಮತಟ್ಟಾಗಿರುವುದಿಲ್ಲ. ಮೂರು ಅಡಿಯಲ್ಲಿ ಆರಂಭವಾಗಿ ಇಳಿಜಾರಾಗಿ ಐದಾರು ಅಡಿಗೆ ಹೋಗುತ್ತದೆ. ಟೈಲ್ಸ್ ಜಾರುತ್ತದೆ. ನೀರಿನೊಳಗೆ ತೂಕ ಕಡಿಮೆಯಾಗುವುದರಿಂದ ಕಾಲಿಗೆ ಹಿಡಿತ ಸಿಗುವುದಿಲ್ಲ. ಇನ್ನೊಂದು ಸಂಗತಿ, ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ ಮೇಲಿಂದ ನೋಡುವವರಿಗೆ ಕೊಳದ ತಳ ನಿಜಕ್ಕಿಂತ ಸುಮಾರು ಕಾಲು ಭಾಗ ಮೇಲೆ ಇದ್ದಂತೆ ಕಾಣುತ್ತದೆ. 6 ಅಡಿ ನೀರು ನಾಲ್ಕೂವರೆ ಅಡಿಯಂತೆ ತೋರುತ್ತದೆ. ಆದ್ದರಿಂದ ಕಣ್ಣಳತೆ ನಂಬಬೇಡಿ. ದಂಡೆಯಲ್ಲಿ ಬರೆದ ಆಳದ ಗುರುತು ನೋಡಿ. ಗುರುತೇ ಇಲ್ಲದಿದ್ದರೆ ಸಿಬ್ಬಂದಿಯನ್ನು ಕೇಳಿ.

ಇದೇ ಕಾರಣಕ್ಕೆ ತಲೆ ಕೆಳಗಾಗಿ ಹಾರುವುದೂ ಬೇಡ. ಕಡಿಮೆ ನೀರಿನಲ್ಲಿ ತಲೆ ತಳಕ್ಕೆ ಬಡಿದರೆ ಕತ್ತಿನ ಮೂಳೆ ಮುರಿದು ಜೀವನಪೂರ್ತಿ ಕೈಕಾಲು ಸ್ವಾಧೀನ ತಪ್ಪಬಹುದು.

ನಂಬಿಕೆ 3: ನಾವು ಹೊಳೆಯಲ್ಲಿ ಈಜಿದವರು, ಪೂಲ್ ಏನು ಮಹಾ

ನಿಜ: ಅರ್ಧ ಸರಿ. ತುಂಗಭದ್ರೆಯಲ್ಲಿ, ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜು ಕಲಿತವರಿಗೆ ನೀರಿನ ಭಯ ಕಡಿಮೆ, ಅದು ದೊಡ್ಡ ಬಲವೇ. ಆದರೆ ಈಜು ಬರುವುದು ಅಪ್ಪನಿಗೆ, ಮಕ್ಕಳಿಗಲ್ಲ. ಅಪ್ಪನ ಧೈರ್ಯ ನೋಡಿ ಮಕ್ಕಳು ನೀರಿಗೆ ಇಳಿಯುತ್ತಾರೆ. ಜೊತೆಗೆ ಪೂಲ್‌ಗೆ ತನ್ನದೇ ಅಪಾಯಗಳಿವೆ.

ಮೊದಲನೆಯದು, ತಳದ ಡ್ರೈನ್. ಪಂಪ್ ನೀರನ್ನು ಎಳೆಯುವ ಈ ಜಾಲರಿ ಮುರಿದಿದ್ದರೆ ಉದ್ದ ಕೂದಲು, ಬಟ್ಟೆಯ ದಾರ, ಕೆಲವೊಮ್ಮೆ ಮೈಯೇ ಅದಕ್ಕೆ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ 7 ವರ್ಷದ ಹುಡುಗಿ ಬಿಸಿನೀರಿನ ತೊಟ್ಟಿಯ ಡ್ರೈನ್‌ಗೆ ಸಿಕ್ಕಿ ಸತ್ತಳು. ಅವಳ ಹೆಸರಿನಲ್ಲೇ 2007ರಲ್ಲಿ ಅಲ್ಲಿ ಈಜುಕೊಳ ಸುರಕ್ಷತಾ ಕಾನೂನು ಬಂತು.

ಎರಡನೆಯದು, ವಿದ್ಯುತ್. ನೀರೊಳಗಿನ ದೀಪ, ಪಂಪ್, ಡಿಜೆ ವೈರ್. ಸಡಿಲ ವೈರ್ ಕಂಡರೆ, ನೀರಿಗೆ ಕೈ ಇಟ್ಟಾಗ ಜುಮ್ಮೆಂದರೆ ಯಾರೂ ಇಳಿಯಬಾರದು. ಒಳಗಿದ್ದವರಿಗೆ ಶಾಕ್ ಹೊಡೆಯುತ್ತಿದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿ, ಆಮೇಲೆ ಮುಟ್ಟಿ.

ಮೂರನೆಯದು, ‘ಯಾರು ಹೆಚ್ಚು ಹೊತ್ತು ಉಸಿರು ಹಿಡಿತಾರೆ’ ಪಂದ್ಯ. ಮುಳುಗುವ ಮುಂಚೆ ಜೋರಾಗಿ ಹತ್ತಾರು ಸಲ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ‘ಉಸಿರು ತಗೋ’ ಎಂದು ಮೆದುಳಿಗೆ ಹೇಳುವುದು ಅದೇ. ಆ ಸೂಚನೆ ಬರುವ ಮೊದಲೇ ಆಮ್ಲಜನಕ ಮುಗಿದು ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರೂ ಹೀಗೆ ಸತ್ತಿದ್ದಾರೆ. ಇನ್ನು ಮದ್ಯ ಕುಡಿದು ನೀರಿಗೆ ಇಳಿಯಲೇಬಾರದು, ಮಕ್ಕಳನ್ನು ಕಾಯಲೂ ಕೂರಬಾರದು.

ನಂಬಿಕೆ 4: ಟ್ಯೂಬ್, ಗಾಳಿ ತೋಳುಪಟ್ಟಿ ಇದೆ, ಭಯ ಇಲ್ಲ

ನಿಜ: ಅವು ಆಟಿಕೆ, ಜೀವರಕ್ಷಕ ಸಾಧನ ಅಲ್ಲ. ಗಾಳಿ ಹೋಗುತ್ತದೆ, ಜಾರಿ ಕಳಚುತ್ತದೆ, ಮಗು ತಲೆಕೆಳಗಾದರೆ ಟ್ಯೂಬೇ ಕಾಲನ್ನು ಮೇಲೆ ಹಿಡಿದಿಡುತ್ತದೆ. ಅಳತೆಗೆ ಸರಿಹೊಂದುವ, ಬೆಲ್ಟ್ ಇರುವ ಲೈಫ್ ಜಾಕೆಟ್ ಮಾತ್ರ ನಂಬಿಕೆಗೆ ಅರ್ಹ. ಅದು ಹಾಕಿದ್ದರೂ ಈಜು ಬಾರದ ಮಗು ದೊಡ್ಡವರ ಕೈಗೆ ಎಟಕುವಷ್ಟು ಹತ್ತಿರ ಇರಬೇಕು.

ನಂಬಿಕೆ 5: ಯಾರಾದರೂ ಮುಳುಗುತ್ತಿದ್ದರೆ ತಕ್ಷಣ ಹಾರಬೇಕು

ನಿಜ: ತರಬೇತಿ ಇಲ್ಲದವರು ಹಾರಿದರೆ ಒಂದರ ಬದಲು ಎರಡು ಮೂರು ಸಾವು. ಉಚ್ಚಿಲದಲ್ಲಿ ಆದದ್ದು ಇದೇ. ಮುಳುಗುವವರು ಸಿಕ್ಕಿದ್ದನ್ನು ತಬ್ಬಿ ಕೆಳಗೆ ಒತ್ತುತ್ತಾರೆ. ಅದು ಅವರ ತಪ್ಪಲ್ಲ, ದೇಹದ ಸ್ವಭಾವ.

ಕ್ರಮ ಹೀಗಿರಲಿ: ಕೂಗಿ ಜನ ಸೇರಿಸಿ, ದಂಡೆಯಲ್ಲಿ ಬೋರಲು ಮಲಗಿ ಕೋಲು, ಟವೆಲ್, ದುಪಟ್ಟಾ ಚಾಚಿ. ಎಟಕದಿದ್ದರೆ ಟ್ಯೂಬ್, ಖಾಲಿ ಕ್ಯಾನ್, ಹಗ್ಗ ಎಸೆಯಿರಿ. 2020ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟೆಯಲ್ಲಿ ನಾಲ್ವರು ಯುವಕರು ಮುಳುಗುತ್ತಿದ್ದಾಗ ಅಲ್ಲಿದ್ದ ಮೂವರು ಮಹಿಳೆಯರು ಉಟ್ಟ ಸೀರೆ ಬಿಚ್ಚಿ ಎಸೆದು ಇಬ್ಬರನ್ನು ಎಳೆದುಕೊಂಡರು. ತಮಿಳುನಾಡು ಸರ್ಕಾರ ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟಿತು. ನಮ್ಮ ಕಡೆಯ ಕಾಲುವೆ, ಕೃಷಿ ಹೊಂಡಗಳಿಗೂ ಇದೇ ಪಾಠ.

ನಂಬಿಕೆ 6: ಉಪ್ಪಿನಲ್ಲಿ ಹೂತಿಟ್ಟರೆ ಜೀವ ಬರುತ್ತದೆ

ನಿಜ: ಬರುವುದಿಲ್ಲ. ಇದು ಬರೀ ಮೆಸೇಜ್ ಆಗಿ ಉಳಿದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ, ಹೊಳೆಯ ಆಚೆ ದಡದ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ, ನೀರಿನಲ್ಲಿ ಮುಳುಗಿ ಸತ್ತ ಸುಮಾರು 10 ವರ್ಷದ ಹುಡುಗನ ದೇಹವನ್ನು ಮನೆಯವರು ಹಲವು ಗಂಟೆ ಉಪ್ಪಿನಲ್ಲಿ ಮುಚ್ಚಿಟ್ಟು ಕಾದರು. ಸೋಷಿಯಲ್ ಮೀಡಿಯಾದಲ್ಲಿ ನೋಡಿದ್ದನ್ನು ನಂಬಿದ್ದರು. ಆಮೇಲೆ ಹಾವೇರಿ ಜಿಲ್ಲೆಯಿಂದಲೂ ಇಂಥದೇ ವರದಿ ಬಂತು. ಮಗು ಕಳೆದುಕೊಂಡ ಮನೆಯವರನ್ನು ಆಡಿಕೊಳ್ಳುವುದು ಸರಿಯಲ್ಲ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಮಾಡಬೇಕು ಅನಿಸುತ್ತದೆ. ತಪ್ಪು ಸುಳ್ಳು ಮೆಸೇಜಿನದು, ಪರೀಕ್ಷಿಸದೆ ಅದನ್ನು ಮುಂದೆ ಕಳಿಸಿದವರದು.

ಉಪ್ಪು ನೀರು ಹೀರುತ್ತದೆ ಎನ್ನುವುದು ಉಪ್ಪಿನಕಾಯಿಗೆ ನಿಜ. ಆದರೆ ಮನುಷ್ಯನ ಚರ್ಮ ಸುಲಭಕ್ಕೆ ನೀರು ಬಿಡದ ಗೋಡೆ, ಅದರ ಮೇಲೆ ಉಪ್ಪು ಸುರಿದರೆ ಶ್ವಾಸಕೋಶದ ನೀರು ಹೊರಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಳುಗಿದವರು ಸಾಯುವುದು ಮೈಯಲ್ಲಿ ನೀರು ತುಂಬಿ ಅಲ್ಲ, ಮೆದುಳಿಗೆ ಆಮ್ಲಜನಕ ಸಿಗದೆ. ನಾಲ್ಕಾರು ನಿಮಿಷ ಆಮ್ಲಜನಕ ನಿಂತರೆ ಮೆದುಳಿನ ಜೀವಕೋಶಗಳು ಹಾಳಾಗತೊಡಗುತ್ತವೆ. ಉಪ್ಪು ಹುಡುಕುವ ಹೊತ್ತು ಅಂದರೆ ಅದೇ ನಿಮಿಷಗಳು.

‘ಎಲ್ಲೋ ಒಬ್ಬರು ಅರ್ಧ ಗಂಟೆ ಆದಮೇಲೂ ಬದುಕಿದರಂತೆ’ ಎನ್ನುವವರಿದ್ದಾರೆ. ಹಿಮದಷ್ಟು ತಣ್ಣನೆಯ ನೀರಿನಲ್ಲಿ ಮುಳುಗಿದ ಕೆಲವು ಮಕ್ಕಳು ಹಾಗೆ ಬದುಕಿದ್ದುಂಟು, ಮೈ ಬೇಗ ತಣ್ಣಗಾಗಿ ಮೆದುಳಿನ ಆಮ್ಲಜನಕದ ಬೇಡಿಕೆ ಇಳಿದಿದ್ದರಿಂದ. ರಾಯಚೂರಿನ ಬಿಸಿಲಿನ ನೀರಿಗೆ ಆ ಲೆಕ್ಕ ಹೊಂದುವುದಿಲ್ಲ.

ಹೊಟ್ಟೆ ಒತ್ತುವುದು, ಮಗುವನ್ನು ಕಾಲು ಹಿಡಿದು ತಿರುಗಿಸುವುದೂ ತಪ್ಪು. ಒತ್ತಿದಾಗ ಹೊರಬರುವುದು ಹೊಟ್ಟೆಯ ನೀರು ಮತ್ತು ಊಟ. ಅದು ಶ್ವಾಸನಾಳಕ್ಕೆ ಹೋದರೆ ಇನ್ನೂ ಕಷ್ಟ.

ಹಾಗಾದರೆ ಏನು ಮಾಡಬೇಕು?

1. ನೀರಿನಿಂದ ತೆಗೆದು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಇನ್ನೊಬ್ಬರಿಗೆ 112 ಅಥವಾ 108ಕ್ಕೆ ಕರೆ ಮಾಡಲು ಹೇಳಿ. ಒಬ್ಬರೇ ಇದ್ದರೆ ಫೋನ್ ಸ್ಪೀಕರ್‌ನಲ್ಲಿಡಿ.
2. ಭುಜ ತಟ್ಟಿ ಕರೆಯಿರಿ. ಎದೆ ಏರಿಳಿಯುತ್ತಿದೆಯೇ 10 ಸೆಕೆಂಡ್ ಒಳಗೆ ನೋಡಿ.
3. ಸರಿಯಾಗಿ ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ.
4. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಂದ ಬಾಯಿಗೆ 2 ಸಲ ಉಸಿರು ಕೊಡಿ. ಎದೆ ಮೇಲೇಳಬೇಕು. ಒಂದು ವರ್ಷದೊಳಗಿನ ಕೂಸಿಗೆ ಬಾಯಿ, ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಮೆಲ್ಲಗೆ ಊದಿ.
5. ನಂತರ ಎದೆಯ ನಡುವೆ 30 ಸಲ ಒತ್ತಿ. ವೇಗ ನಿಮಿಷಕ್ಕೆ 100ರಿಂದ 120. ದೊಡ್ಡವರಿಗೆ ಸುಮಾರು 5 ಸೆಂಟಿಮೀಟರ್, ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ ಇಳಿಯಬೇಕು. ಕೂಸಾದರೆ ಒಂದು ಅಂಗೈಯ ಬುಡದಿಂದ ಒತ್ತಿ, ಇಲ್ಲವೇ ಎರಡೂ ಕೈಗಳಿಂದ ಎದೆಯನ್ನು ಸುತ್ತಿ ಹಿಡಿದು ಎರಡು ಹೆಬ್ಬೆರಳುಗಳಿಂದ ಒತ್ತಿ.
6. 2 ಉಸಿರು, 30 ಒತ್ತು. ಉಸಿರು ಮರಳುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ದೊಡ್ಡವರಿಗೆ ಹಠಾತ್ತನೆ ಹೃದಯ ಸ್ತಂಭನವಾದಾಗ ಬರೀ ಎದೆ ಒತ್ತಿದರೂ ಸಾಕು ಎಂದು ನೀವು ಕೇಳಿರಬಹುದು. ಮುಳುಗಿದವರಿಗೆ ಹಾಗಲ್ಲ. ಇಲ್ಲಿ ಮೊದಲು ಕೊರತೆಯಾಗಿರುವುದೇ ಆಮ್ಲಜನಕ, ಆದ್ದರಿಂದ ಉಸಿರು ಕೊಡುವುದು ಬಹಳ ಮುಖ್ಯ. ಎಚ್ಚರವಾದ ಮೇಲೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

‘ವಾರ ಕಳೆದ ಮೇಲೂ ಸಾಯ್ತಾರೆ’ ಎನ್ನುವ ಡ್ರೈ ಡ್ರೌನಿಂಗ್ ಮೆಸೇಜ್?

ಹೆದರಿಸುವ ಮೆಸೇಜ್ ಅಷ್ಟೇ. 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ತಜ್ಞರ ಸಮ್ಮೇಳನ ‘ಡ್ರೈ ಡ್ರೌನಿಂಗ್’, ‘ಸೆಕೆಂಡರಿ ಡ್ರೌನಿಂಗ್’ ಎಂಬ ಪದಗಳನ್ನು ಬಿಟ್ಟುಬಿಡಿ ಎಂದು ಹೇಳಿತು. ನೀರು ಕುಡಿದ ಮಗು ದಿನಗಟ್ಟಲೆ ಆರಾಮಾಗಿದ್ದು ಇದ್ದಕ್ಕಿದ್ದಂತೆ ಅದೇ ಕಾರಣಕ್ಕೆ ಸಾಯುವುದಿಲ್ಲ. ತೊಂದರೆ ಆಗುವುದಿದ್ದರೆ ಮೊದಲ ಕೆಲವು ಗಂಟೆಗಳಲ್ಲೇ ಕಾಣುತ್ತದೆ: ನಿಲ್ಲದ ಕೆಮ್ಮು, ಏದುಸಿರು, ತುಟಿ ನೀಲಿಯಾಗುವುದು, ಮಂಪರು. ಇವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಜೋರು ಕ್ಲೋರಿನ್ ವಾಸನೆ ಬಂದರೆ ನೀರು ಸ್ವಚ್ಛವೇ?

ತಿರುವುಮುರುವು. ಕಣ್ಣು ಉರಿಸುವ ಆ ವಾಸನೆ ಬರುವುದು ಕ್ಲೋರಿನ್ ಬೆವರು, ಮೂತ್ರದೊಂದಿಗೆ ಸೇರಿ ಆಗುವ ಕ್ಲೋರಮೈನ್‌ನಿಂದ. ಸರಿಯಾಗಿ ನೋಡಿಕೊಂಡ ಕೊಳಕ್ಕೆ ವಾಸನೆ ಕಡಿಮೆ. ಇಳಿಯುವ ಮುಂಚೆ ಸ್ನಾನ ಮಾಡಿ ಎನ್ನುವುದು ಇದಕ್ಕೇ.

ಇಳಿಯುವ ಮುನ್ನ 5 ನಿಮಿಷದ ಪರೀಕ್ಷೆ

• ಬುಕ್ ಮಾಡುವಾಗಲೇ ಕೇಳಿ: ಲೈಫ್‌ಗಾರ್ಡ್ ಇದ್ದಾರಾ? ಎಷ್ಟು ಗಂಟೆಯಿಂದ ಎಷ್ಟರವರೆಗೆ? ಮಕ್ಕಳ ಕೊಳ ಬೇರೆ ಇದೆಯಾ?
• ಆಳದ ಗುರುತು, ಜೀವರಕ್ಷಕ ರಿಂಗ್, ಉದ್ದ ಕೋಲು ಎಲ್ಲಿವೆ?
• ತಳದ ಡ್ರೈನ್ ಸ್ಪಷ್ಟವಾಗಿ ಕಾಣುತ್ತಿದೆಯಾ? ನೀರು ಮಬ್ಬಾಗಿದ್ದರೆ ಇಳಿಯಬೇಡಿ. ಮುಳುಗಿದವರೂ ಕಾಣುವುದಿಲ್ಲ.
• ರೂಮಿನಿಂದ ಕೊಳಕ್ಕೆ ಮಗು ಒಂದೇ ಹೋಗಬಹುದಾ? ಹಾಗಿದ್ದರೆ ಬಾಗಿಲ ಮೇಲಿನ ಚಿಲಕ ಹಾಕಿಡಿ.
• ಕಾಯುವವರು ಯಾರು? ಹತ್ತು ಜನ ದೊಡ್ಡವರಿದ್ದಾಗ ‘ಯಾರೋ ನೋಡ್ತಿದಾರೆ’ ಎಂದು ಯಾರೂ ನೋಡುವುದಿಲ್ಲ. 15 ನಿಮಿಷಕ್ಕೊಬ್ಬರಂತೆ ಹೆಸರು ಹೇಳಿ ಪಾಳಿ ಹಾಕಿ. ಪಾಳಿಯಲ್ಲಿ ಇರುವವರ ಕೈಯಲ್ಲಿ ಮೊಬೈಲ್ ಇರಬಾರದು.
• ಮಗು ಕಾಣದಿದ್ದರೆ ಮೊದಲು ಕೊಳದ ತಳ ನೋಡಿ, ರೂಮು ಆಮೇಲೆ.

ವಿಶ್ವ ಆರೋಗ್ಯ ಸಂಸ್ಥೆಯ ವರದಿ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಇವುಗಳಲ್ಲಿ ಬಹಳಷ್ಟು ತಡೆಯಬಹುದಾದ ಸಾವುಗಳು.

ಉಪ್ಪಿನ ಮೆಸೇಜ್ ಬದಲು ಇದನ್ನು ಕಳಿಸಿ

‘ಮುಳುಗುವವರು ಕೂಗುವುದಿಲ್ಲ, ಮಕ್ಕಳ ಮೇಲೆ ಕಣ್ಣಿಡಿ. ಉಳಿಸಲು ಹಾರಬೇಡಿ, ಟವೆಲ್ ಚಾಚಿ, ಟ್ಯೂಬ್ ಎಸೆಯಿರಿ. ಉಸಿರಿಲ್ಲದಿದ್ದರೆ ಉಪ್ಪು ಬೇಡ, ಹೊಟ್ಟೆ ಒತ್ತಬೇಡಿ. ಬಾಯಿಂದ 2 ಉಸಿರು, ಎದೆಗೆ 30 ಒತ್ತು, ಬಿಡದೆ ಮಾಡಿ. 112 ಅಥವಾ 108ಕ್ಕೆ ಕರೆ ಮಾಡಿ.’