ಬೆಂಕಿ ಹಚ್ಚದೆ ಕೊಳಚೆಯಿಂದ ಕರೆಂಟು

ಕೊಳಚೆ ನೀರಿನ ಶುದ್ಧೀಕರಣ ಘಟಕವು ಒಂದು ಬಾಗಿಲಲ್ಲಿ ವಿದ್ಯುತ್ತನ್ನು ನುಂಗುತ್ತ ಇನ್ನೊಂದು ಬಾಗಿಲಲ್ಲಿ ಇಂಧನವನ್ನು ಹಡೆಯುವ ವಿಚಿತ್ರ ಕಾರ್ಖಾನೆ. ಸಾವಿರ ಲೀಟರ್ ಕೊಳಚೆಯನ್ನು ತಿಳಿಗೊಳಿಸಲು ಸುಮಾರು 0.3ರಿಂದ 0.6 ಯೂನಿಟ್ ಕರೆಂಟು ಬೇಕು. ಅದರಲ್ಲಿ ಅರ್ಧದಷ್ಟು ಹೋಗುವುದು ಬ್ಯಾಕ್ಟೀರಿಯಾಗಳಿಗೆ ಗಾಳಿ ಊದುವುದಕ್ಕೇ. ಹಾಗೆ ಊದಿ ಬೆಳೆಸಿದ ಬ್ಯಾಕ್ಟೀರಿಯಾ ರಾಶಿ ಕೊನೆಗೆ ಕೆಸರಾಗಿ ತಳ ಸೇರುತ್ತದೆ. ಆ ಕೆಸರನ್ನು ಗಾಳಿಯಾಡದ ಡೈಜೆಸ್ಟರ್‌ನಲ್ಲಿ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಎರಡು ಮೂರು ವಾರ ಇಟ್ಟರೆ ಬಯೋಗ್ಯಾಸ್ ಹುಟ್ಟುತ್ತದೆ. ಅದರಲ್ಲಿ ಶೇ 60ರಷ್ಟು ಮೀಥೇನ್, ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಒಂದು ಘನ ಮೀಟರ್ ಬಯೋಗ್ಯಾಸಿನಲ್ಲಿ ಅಡಗಿರುವ ಶಕ್ತಿ ಸುಮಾರು 6 ಯೂನಿಟ್. ಶೇ 35ರ ದಕ್ಷತೆಯ ಎಂಜಿನ್ನಿನಲ್ಲಿ ಉರಿಸಿದರೆ ಕೈಗೆ ಸಿಗುವುದು 2 ಯೂನಿಟ್ ಚಿಲ್ಲರೆ. ಉರಿಸದೆಯೇ ಕರೆಂಟು ತೆಗೆಯುವ, ಶೇ 50ರ ದಕ್ಷತೆಯ ಇಂಧನ ಕೋಶಕ್ಕೆ ಕೊಟ್ಟರೆ 3. ಇಂಧನ ಕೋಶದ ಪರವಾಗಿ ಮಾತಾಡುವವರೆಲ್ಲ ಈ ಲೆಕ್ಕದಿಂದಲೇ ಶುರುಮಾಡುತ್ತಾರೆ. ಲೆಕ್ಕವೇನೂ ಸುಳ್ಳಲ್ಲ. ಆದರೆ ಈ ಯಂತ್ರ ಒಂದು ಘಟಕಕ್ಕೆ ಒಗ್ಗುತ್ತದೆಯೇ ಎಂಬ ತೀರ್ಮಾನ ಕೋಶದ ಬಾಗಿಲಿಗೆ ಅನಿಲ ಮುಟ್ಟುವ ಮೊದಲೇ, ಅದನ್ನು ತೊಳೆಯುವ ಶೋಧಕದಲ್ಲಿ ಆಗಿಬಿಡುತ್ತದೆ ಎಂದು ನನಗನ್ನಿಸುತ್ತದೆ.

ಮೊದಲು ಯಂತ್ರದ ಒಳಗೇನಾಗುತ್ತದೆ ನೋಡೋಣ. 1839ರ ಸುಮಾರಿಗೆ ವೇಲ್ಸ್‌ನ ವಿಲಿಯಂ ಗ್ರೋವ್ ಹೈಡ್ರೋಜನ್ ಮತ್ತು ಆಕ್ಸಿಜನ್‌ಗಳನ್ನು ಉರಿಸದೆಯೇ ಕೂಡಿಸಿ ವಿದ್ಯುತ್ ಪಡೆದ. ತತ್ವ ಇಂದಿಗೂ ಅದೇ. ಕೊಳಚೆ ಘಟಕಗಳಲ್ಲಿ ಹೆಚ್ಚಾಗಿ ಕಾಣಸಿಗುವ ಒಂದು ಬಗೆ ಕರಗಿದ ಕಾರ್ಬೊನೇಟ್ ಕೋಶ. ಲಿಥಿಯಂ, ಪೊಟ್ಯಾಸಿಯಂಗಳ ಕಾರ್ಬೊನೇಟ್ ಲವಣಗಳು ಸುಮಾರು 650 ಡಿಗ್ರಿಯಲ್ಲಿ ಕರಗಿ ದ್ರವವಾಗಿರುತ್ತವೆ. ಅಷ್ಟು ಬಿಸಿಯಲ್ಲಿ ಮೀಥೇನ್ ಹಬೆಯೊಡನೆ ಕೂಡಿ ಹೈಡ್ರೋಜನ್ ಆಗಿ ಒಡೆಯುವ ಕ್ರಿಯೆ ಕೋಶದ ಮಗ್ಗುಲಲ್ಲೇ ನಡೆಯುತ್ತದೆ, ಅದಕ್ಕೆ ಬೇಕಾದ ಶಾಖವೂ ಕೋಶದಿಂದಲೇ ಸಿಗುತ್ತದೆ. ಒಂದು ಬದಿಯಲ್ಲಿ ಗಾಳಿಯ ಆಕ್ಸಿಜನ್ ಕಾರ್ಬನ್ ಡೈಆಕ್ಸೈಡನ್ನು ಜೊತೆಮಾಡಿಕೊಂಡು ಕಾರ್ಬೊನೇಟ್ ಅಯಾನ್ ಆಗುತ್ತದೆ; ಆ ಅಯಾನ್ ಕರಗಿದ ಲವಣದೊಳಗೆ ಸಾಗಿ ಇನ್ನೊಂದು ಬದಿಯ ಹೈಡ್ರೋಜನ್ನನ್ನು ಸೇರುತ್ತದೆ. ನೀರಾವಿಯೂ ಕಾರ್ಬನ್ ಡೈಆಕ್ಸೈಡೂ ಹೊರಬರುತ್ತವೆ, ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿಯುತ್ತವೆ. ಇಲ್ಲಿ ಗಮನಿಸಬೇಕಾದದ್ದು ಕಾರ್ಬನ್ ಡೈಆಕ್ಸೈಡ್. ಎಂಜಿನ್ನಿಗೆ ಅದು ಬರೀ ಹೊರೆ, ಜ್ವಾಲೆಯನ್ನು ತಣಿಸುವ ಕಲಬೆರಕೆ. ಈ ಕೋಶಕ್ಕೋ ಅದು ಕೆಲಸದ ಸರಕು. ಬಯೋಗ್ಯಾಸಿನಲ್ಲಿ ಶೇ 40ರಷ್ಟು ‘ಕೆಲಸಕ್ಕೆ ಬಾರದ’ ಅನಿಲವಿದೆ ಎಂಬ ದೂರು ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಆ ಅನಿಲ ಗಾಳಿಗೆ ಸೇರುವುದು ತಪ್ಪಿತೆಂದು ಯಾರೂ ತಿಳಿಯಬಾರದು. ಕೊನೆಗೆ ಅದೂ ಹೊರಗೇ ಹೋಗುತ್ತದೆ.

ಇನ್ನೊಂದು ಗುಣ ಚಿಕ್ಕ ಘಟಕಗಳಿಗೆ ಮುಖ್ಯ. ಎಂಜಿನ್ ಚಿಕ್ಕದಾದಷ್ಟೂ ದಕ್ಷತೆ ಇಳಿಯುತ್ತದೆ. ಇಂಧನ ಕೋಶ ತೆಳುಫಲಕಗಳ ಅಟ್ಟಿಯಾದ್ದರಿಂದ ನೂರು ಫಲಕವಿದ್ದರೂ ಸಾವಿರವಿದ್ದರೂ ದಕ್ಷತೆಯಲ್ಲಿ ದೊಡ್ಡ ಅಂತರವಿಲ್ಲ. ಇಟಲಿಯ ಟೂರಿನ್ ಪಕ್ಕದ ಕೊಲೆನ್ಯೊ ಘಟಕದಲ್ಲಿ 2017ರಲ್ಲಿ ಉದ್ಘಾಟನೆಯಾದ, ಘನ ಆಕ್ಸೈಡ್ ಎಂಬ ಇನ್ನೊಂದು ಬಗೆಯ ಕೋಶಗಳು ಇದಕ್ಕೆ ಸಾಕ್ಷಿ. ಫಿನ್ಲೆಂಡಿನ ಕಾನ್‌ವಿಯಾನ್ ಕಂಪನಿಯ 58 ಕಿಲೋವ್ಯಾಟ್‌ನ ಪುಟ್ಟ ಘಟಕಗಳು ಕೊಳಚೆಯ ಅನಿಲದಲ್ಲೇ ಶೇ 50ಕ್ಕೂ ಮೀರಿದ ದಕ್ಷತೆ ತೋರಿಸಿದವು. ಅಷ್ಟು ಸಣ್ಣ ಎಂಜಿನ್ನಿನಿಂದ ಇಷ್ಟನ್ನು ನಿರೀಕ್ಷಿಸುವಂತಿಲ್ಲ. ಅಮೆರಿಕದ ವಯೋಮಿಂಗ್ ರಾಜ್ಯದ ಶಾಯೆನ್‌ನಲ್ಲಿ ಮೈಕ್ರೋಸಾಫ್ಟ್ 2014ರಲ್ಲಿ ಡ್ರೈ ಕ್ರೀಕ್ ಘಟಕದ ಬಯೋಗ್ಯಾಸಿನಿಂದ 300 ಕಿಲೋವ್ಯಾಟ್ ಕೋಶ ನಡೆಸಿ ಒಂದು ಚಿಕ್ಕ ಡೇಟಾ ಕೇಂದ್ರಕ್ಕೆ ಕರೆಂಟು ಕೊಟ್ಟಿತು, ಮಿಕ್ಕದ್ದನ್ನು ಕೊಳಚೆ ಘಟಕಕ್ಕೇ ಬಿಟ್ಟಿತು.

ಇಷ್ಟೆಲ್ಲ ಅನುಕೂಲವಿದ್ದೂ ಜಗತ್ತಿನ ಕೊಳಚೆ ಘಟಕಗಳಲ್ಲಿ ಎಂಜಿನ್ನುಗಳದೇ ರಾಜ್ಯಭಾರ ಏಕೆ? ಉತ್ತರ ನಮ್ಮ ಬಚ್ಚಲಲ್ಲಿದೆ. ಶಾಂಪೂ, ಕ್ರೀಮು, ಡಿಯೋಡರಂಟುಗಳಲ್ಲಿ ಸಿಲಿಕಾನ್ ಇರುವ ಸಿಲೋಕ್ಸೇನ್ ಎಂಬ ಸಂಯುಕ್ತಗಳಿರುತ್ತವೆ. ಅವು ನೀರಿನೊಡನೆ ಹರಿದು, ಕೆಸರಿಗೆ ಅಂಟಿ, ಡೈಜೆಸ್ಟರಿನ ಬಿಸಿಗೆ ಆವಿಯಾಗಿ ಅನಿಲದಲ್ಲಿ ಬೆರೆಯುತ್ತವೆ. ಬಿಸಿಯ ಜಾಗ ಸಿಕ್ಕೊಡನೆ ನುಣ್ಣನೆಯ ಮರಳಾಗುತ್ತವೆ. ಎಂಜಿನ್ನಿನಲ್ಲಾದರೆ ಆ ಮರಳು ಕವಾಟ, ಪಿಸ್ಟನ್ನುಗಳ ಮೇಲೆ ಕೂರುತ್ತದೆ. ಮೆಕ್ಯಾನಿಕ್ ಬಿಚ್ಚಿ ಕೆರೆದು ಮತ್ತೆ ಕೂಡಿಸುತ್ತಾನೆ. ಕೋಶದ ನಿಕ್ಕಲ್ ವಿದ್ಯುದ್ವಾರದ ರಂಧ್ರಗಳಲ್ಲಿ ಕೂತ ಮರಳನ್ನು ಕೆರೆಯುವ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ. ಹೈಡ್ರೋಜನ್ ಸಲ್ಫೈಡಿನದೂ ಇದೇ ಕಥೆ. ಹಸಿ ಬಯೋಗ್ಯಾಸಿನಲ್ಲಿ ಅದು ಹತ್ತು ಲಕ್ಷಕ್ಕೆ ನೂರಾರು, ಒಮ್ಮೊಮ್ಮೆ ಸಾವಿರಾರು ಪಾಲು ಇರುತ್ತದೆ. ಎಂಜಿನ್ ನೂರಾರನ್ನು ಗೊಣಗುತ್ತ ಸಹಿಸೀತು. ಕೋಶಕ್ಕೆ ಒಂದು ಪಾಲಿಗಿಂತ ಕಡಿಮೆ ಇರಬೇಕು. ಆದ್ದರಿಂದ ಕೋಶದ ಮುಂದೆ ಕಬ್ಬಿಣದ ಆಕ್ಸೈಡಿನ ಹಾಸು, ತೇವ ತೆಗೆಯುವ ಶೀತಕ, ಸಕ್ರಿಯ ಇದ್ದಿಲಿನ ಜೋಡಿ ಗೋಪುರಗಳು ನಿಲ್ಲಲೇಬೇಕು. ಇದ್ದಿಲು ತುಂಬಿದ್ದು ಒಂದು ದಿನ ತಡವಾಗಿ ಗೊತ್ತಾದರೂ ಲಕ್ಷಾಂತರ ಡಾಲರಿನ ಅಟ್ಟಿಗೆ ಹಾನಿ. ಕೋಶದ ಕಾವಲು ಅದರ ಬೆಲೆಯಷ್ಟೇ ಎಚ್ಚರವನ್ನೂ ಕೇಳುತ್ತದೆ.

ಅನಿಲವನ್ನು ಅಷ್ಟು ತೊಳೆಯುವುದಾದರೆ ಅದನ್ನೇ ಪೈಪಿಗೆ ತುಂಬಿ ಮಾರಬಾರದೇಕೆ? ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಇದಕ್ಕೊಂದು ಜೀವಂತ ಉದಾಹರಣೆಯೂ ಇದೆ. ವಾಷಿಂಗ್ಟನ್ ರಾಜ್ಯದ ರೆಂಟನ್‌ನಲ್ಲಿರುವ ಕಿಂಗ್ ಕೌಂಟಿಯ ದಕ್ಷಿಣ ಘಟಕ 1987ರಿಂದಲೂ ತನ್ನ ಬಯೋಗ್ಯಾಸನ್ನು ಶುದ್ಧಗೊಳಿಸಿ ಅನಿಲ ಕಂಪನಿಗೆ ಮಾರುತ್ತ ಬಂದಿದೆ. ಅದೇ ಆವರಣದಲ್ಲಿ 2004ರಿಂದ ಎರಡು ವರ್ಷ 1 ಮೆಗಾವ್ಯಾಟ್‌ನ ಕಾರ್ಬೊನೇಟ್ ಕೋಶದ ಪ್ರಯೋಗ ನಡೆಯಿತು. ಪ್ರಯೋಗ ಮುಗಿಯಿತು, ಅನಿಲದ ಮಾರಾಟ ನಿಲ್ಲಲಿಲ್ಲ. ಕೋಶ ಸೋತಿತೆಂದು ಇದರಿಂದ ಹೇಳಬಹುದೇ? ರೆಂಟನ್ನಿಗೆ ಸೋತದ್ದು ನಿಜ. ಆದರೆ ಪೈಪಿನ ಅನಿಲವಾಗಲು ಗಂಧಕ, ಸಿಲೋಕ್ಸೇನ್ ತೆಗೆದರೆ ಸಾಲದು, ಕಾರ್ಬನ್ ಡೈಆಕ್ಸೈಡನ್ನೂ ಬೇರ್ಪಡಿಸಿ ಒತ್ತಡ ಏರಿಸಬೇಕು. ಹತ್ತಿರದಲ್ಲಿ ಪೈಪಿರಬೇಕು, ಕೊಳ್ಳುವವರಿರಬೇಕು. ಮಾರಿದ ಮೇಲೆ ಡೈಜೆಸ್ಟರನ್ನು ಬೆಚ್ಚಗಿಡಲು ಶಾಖವನ್ನು ಬೇರೆ ಕಡೆಯಿಂದ ತರಬೇಕು. ಕೋಶಕ್ಕೆ ಇವು ಯಾವುವೂ ಬೇಡ. ಪೈಪಿಲ್ಲದ, ಕರೆಂಟು ದುಬಾರಿಯಾದ ಊರಿನಲ್ಲಿ ಲೆಕ್ಕ ತಿರುಗಿಬೀಳುತ್ತದೆ.

ಬೆಲೆಯ ಆಕ್ಷೇಪಕ್ಕೆ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಉತ್ತರ ಹುಡುಕಬಹುದು. ಕೋಶ ಎಂಜಿನ್ನಿಗಿಂತ ದುಬಾರಿ, ಅದರ ಅಟ್ಟಿಯನ್ನು ಕೆಲವೇ ವರ್ಷಗಳಿಗೊಮ್ಮೆ ಬದಲಿಸಬೇಕು ಎಂಬುದು ಸರಿ. ಆದರೆ ಲಾಸ್ ಏಂಜಲೀಸ್ ಸುತ್ತಲಿನ ವಾಯು ಗುಣಮಟ್ಟ ಮಂಡಳಿ 2008ರಲ್ಲಿ ನಿಯಮ ತಿದ್ದಿ, ಬಯೋಗ್ಯಾಸ್ ಎಂಜಿನ್ನಿನ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡುಗಳಿಗೆ ಹತ್ತು ಲಕ್ಷಕ್ಕೆ 11 ಪಾಲಿನ ಮಿತಿ ಗೊತ್ತುಮಾಡಿತು. ಜ್ವಾಲೆಯೇ ಇಲ್ಲದ ಕೋಶಕ್ಕೆ ಇದು ತೊಂದರೆಯೇ ಅಲ್ಲ. ಎಂಜಿನ್ ಉಳಿಸಿಕೊಳ್ಳಬೇಕೆಂದವರು ಹೊಗೆಕೊಳವೆಗೆ ವೇಗವರ್ಧಕ ಕೂರಿಸಬೇಕಾಯಿತು. ಸಿಲೋಕ್ಸೇನಿನ ಮರಳು ಆ ವೇಗವರ್ಧಕವನ್ನೂ ಮುಚ್ಚಿಹಾಕುತ್ತದೆ! ಹೀಗಾಗಿ ಎಂಜಿನ್ನಿನ ಮುಂದೆಯೂ ಇದ್ದಿಲಿನ ಗೋಪುರ ಎದ್ದಿತು. ಫೌಂಟನ್ ವ್ಯಾಲಿಯ ಆರೆಂಜ್ ಕೌಂಟಿ ಘಟಕದಲ್ಲಿ ಎರಡು ದಾರಿಯನ್ನೂ ಪರೀಕ್ಷಿಸಲಾಯಿತು: ಒಂದೆಡೆ ತೊಳೆದ ಅನಿಲ ಮತ್ತು ವೇಗವರ್ಧಕದ ಎಂಜಿನ್, ಇನ್ನೊಂದೆಡೆ 2011ರಿಂದ ಸುಮಾರು 250 ಕಿಲೋವ್ಯಾಟ್ ವಿದ್ಯುತ್, ಶಾಖ, ಕಾರುಗಳಿಗೆ ದಿನಕ್ಕೆ ನೂರು ಕಿಲೋ ಹೈಡ್ರೋಜನ್ ಮೂರನ್ನೂ ಕೊಡಬಲ್ಲ ಕೋಶ. ಶೋಧಕದ ಖರ್ಚು ಇಬ್ಬರಿಗೂ ಬಂದಮೇಲೆ ಅದನ್ನು ಕೋಶದ ಒಬ್ಬನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಹೊಗೆಯ ನಿಯಮ ಸಡಿಲವಾಗಿರುವ ಊರಿನಲ್ಲಿ ಎಂಜಿನ್ ಅಗ್ಗವೆಂದು ಕಾಣುವುದಕ್ಕೆ ಅರ್ಧ ಕಾರಣ, ಅದರ ಹೊಗೆಯ ಬೆಲೆಯನ್ನು ಸುತ್ತಲಿನವರ ಶ್ವಾಸಕೋಶ ತೆರುತ್ತಿರುವುದು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಸಣ್ಣ ಘಟಕಗಳಿಗೆ ಈ ಚರ್ಚೆ ಸಲ್ಲುವುದಿಲ್ಲ. ಅವು ಸಾಮಾನ್ಯವಾಗಿ ಗಾಳಿ ಊದಿಯೇ ಕೆಲಸ ಮುಗಿಸುತ್ತವೆ, ಡೈಜೆಸ್ಟರೂ ಇಲ್ಲ, ಅನಿಲವೂ ಇಲ್ಲ. ಕೆಸರನ್ನು ಕೊಳೆಯಿಸುವ ದೊಡ್ಡ ಘಟಕಗಳಿಗೆ ಸಲ್ಲುತ್ತದೆ. ನಮ್ಮ ಹವೆಯಲ್ಲಿ ಡೈಜೆಸ್ಟರ್ ಬೆಚ್ಚಗಿಡಲು ಟೂರಿನ್ನಿನ ಚಳಿಗಾಲದಷ್ಟು ಶಾಖ ಬೇಡ; ಹೆಚ್ಚು ಕರೆಂಟು, ಕಡಿಮೆ ಶಾಖ ಕೊಡುವ ಯಂತ್ರ ಇಲ್ಲಿಗೇ ಹೆಚ್ಚು ಹೊಂದೀತು. ಆದರೆ ಕೊಳ್ಳುವ ಮೊದಲು ಒಂದು ವರ್ಷ, ಮಳೆಗಾಲ ಬೇಸಿಗೆ ಎರಡೂ ಸೇರುವಂತೆ, ಆ ಡೈಜೆಸ್ಟರಿನ ಅನಿಲದಲ್ಲಿ ಗಂಧಕ ಎಷ್ಟು, ಸಿಲೋಕ್ಸೇನ್ ಎಷ್ಟು, ಹರಿವು ಎಷ್ಟು ಏರಿಳಿಯುತ್ತದೆ ಎಂದು ಅಳೆಯಬೇಕು. ಟೆಂಡರಿನ ಮೊದಲ ಪುಟದಲ್ಲಿ ಕೋಶದ ದಕ್ಷತೆಗಿಂತ ಮೇಲೆ ಆ ಮೂರು ಅಂಕಿಗಳಿರಬೇಕು.