ದೊಡ್ಡ ಕರುಳಿನ ಅರ್ಬುದರೋಗವೂ ಕಿರಿಯ ಆರ್.ಎನ್.ಎ.ಗಳೂ

ನಮ್ಮ ಶರೀರವು ಅಸಂಖ್ಯ ಜೀವಕೋಶಗಳಿಂದಾದುದೆಂಬುದನ್ನು ಈ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಕೋಶದೊಳಗೆ ಡಿ.ಎನ್.ಎ. ಎಂಬ ವಂಶಲಿಪಿಯುಂಟು. ಅದರ ನಕಲೇ ಆರ್.ಎನ್.ಎ. ಈ ನಕಲನ್ನು ಓದಿ ಕೋಶವು ಪ್ರೋಟೀನುಗಳನ್ನು ನಿರ್ಮಿಸುತ್ತದೆ. ಆದರೆ ಮನುಷ್ಯನ ವಂಶಲಿಪಿಯಲ್ಲಿ ಪ್ರೋಟೀನಿನ ಬರಹವು ನೂರರಲ್ಲಿ 2 ಪಾಲಿಗಿಂತಲೂ ಕಡಿಮೆ. ಉಳಿದ ಭಾಗದಿಂದಲೂ ಅನೇಕ ಆರ್.ಎನ್.ಎ.ಗಳು ಹುಟ್ಟುತ್ತವೆ. ಅವು ಪ್ರೋಟೀನನ್ನು ನಿರ್ಮಿಸವಾದ್ದರಿಂದ ಅವುಗಳಲ್ಲಿ ಹೆಚ್ಚಿನವನ್ನು ವಿದ್ವಾಂಸರು ಬಹುಕಾಲ ಗಣನೆಗೆ ತಂದುಕೊಳ್ಳಲಿಲ್ಲ.

1993ರಲ್ಲಿ ವಿಕ್ಟರ್ ಆಂಬ್ರೋಸ್ ಎಂಬವರು ಒಂದು ಸಣ್ಣ ಹುಳುವಿನಲ್ಲಿ ಇಂತಹ ಕಿರಿಯ ಆರ್.ಎನ್.ಎ. ಒಂದನ್ನು ಕಂಡರು. ಈ ಶೋಧಕ್ಕಾಗಿ ಅವರಿಗೂ ಗ್ಯಾರಿ ರವ್ಕನ್ ಎಂಬವರಿಗೂ 2024ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇವುಗಳ ಕೆಲಸವೇನು? ಸೂಪಾ ಸೀಮೆಯವರಿಗೆ ಕಾಳಿನದಿಯ ಅಣೆಕಟ್ಟು ಪರಿಚಿತವಷ್ಟೆ. ಅದರ ಬಾಗಿಲುಗಳು ನೀರನ್ನು ಹುಟ್ಟಿಸವು. ಆದರೂ ನೀರು ಯಾವಾಗ, ಎಷ್ಟು ಹರಿಯಬೇಕೆಂಬುದು ಅವುಗಳ ಅಧೀನ. ಹಾಗೆಯೇ ಈ ಆರ್.ಎನ್.ಎ.ಗಳು ಯಾವ ಪ್ರೋಟೀನು ಎಷ್ಟು ಹುಟ್ಟಬೇಕೆಂಬುದನ್ನು ಅಂಕೆಯಲ್ಲಿಡುತ್ತವೆ.

ಅಂಕೆಯು ತಪ್ಪಿದರೆ ಕೇಡು. ದೊಡ್ಡ ಕರುಳಿನ ಗಡ್ಡೆಗಳಲ್ಲಿ 143 ಮತ್ತು 145ನೆಯ ಕಿರಿಯ ಆರ್.ಎನ್.ಎ.ಗಳು ಕುಂದಿರುವುದು 2003ರಲ್ಲಿ ಪ್ರಕಟವಾಯಿತು. 21ನೆಯದು ಇದಕ್ಕೆ ವಿಪರೀತ. ಅದು ಹೆಚ್ಚಿ, ಕೋಶಗಳ ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳನ್ನೇ ಅಡಗಿಸುತ್ತದೆ. ಅಮೆರಿಕೆಯ ಮತ್ತು ಹಾಂಗ್‌ಕಾಂಗಿನ ರೋಗಿಗಳನ್ನು ಪರೀಕ್ಷಿಸಿದವರು, ಇದು ಗಡ್ಡೆಯಲ್ಲಿ ಹೆಚ್ಚಾಗಿದ್ದವರು ಅಲ್ಪಕಾಲ ಬದುಕುವರೆಂದು 2008ರಲ್ಲಿ ತಿಳಿಸಿದರು. ಸಿ.ಸಿ.ಎ.ಟಿ.2 ಎಂಬ ಉದ್ದನೆಯ ಆರ್.ಎನ್.ಎ.ಯು ರೋಗವು ಇತರ ಅಂಗಗಳಿಗೆ ಹಬ್ಬಲು ನೆರವಾಗುವುದೆಂಬುದು 2013ರಲ್ಲಿ ತಿಳಿದುಬಂತು. ಹೀಗೆ ರೋಗದ ಮುಂದಿನ ಗತಿಯನ್ನು ಊಹಿಸಲು ಇವು ಗುರುತುಗಳಾಗಬಹುದು.

ಆದರೂ ವೈದ್ಯರು ಈಗಲೂ ರೋಗಿಯ ಭವಿಷ್ಯವನ್ನು ಮುಖ್ಯವಾಗಿ ಅಳೆಯುವುದು ರೋಗವು ಎಷ್ಟು ದೂರ ಹಬ್ಬಿದೆಯೆಂಬುದರಿಂದಲೇ. ಕರುಳಿನ ಗೋಡೆಯೊಳಗಿರುವಾಗಲೇ ಅದನ್ನು ಕಂಡು ಶಸ್ತ್ರಚಿಕಿತ್ಸೆ ಮಾಡಿದರೆ ಬಹುಮಂದಿ ಗುಣಹೊಂದುವರು. ಜೋಯ್ಡಾದ ಕಾಡುಹಳ್ಳಿಗಳಿಂದ ಧಾರವಾಡ, ಹುಬ್ಬಳ್ಳಿಗಳ ಆಸ್ಪತ್ರೆಗಳು ದೂರ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ಇನ್ನೂ ದೂರ. ದಾರಿಯ ದೂರಕ್ಕೆ ನಾಚಿಕೆಯ ದೂರವೂ ಕೂಡಿದರೆ ಅನರ್ಥವೇ ಸರಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಸುಮ್ಮನಿರುವುದು, ಶೌಚದ ಕ್ರಮವು ವಾರಗಟ್ಟಲೆ ಬದಲಾದರೂ, ಕಾರಣವಿಲ್ಲದೆ ದೇಹವು ಕೃಶವಾದರೂ ಮನೆಯವರಿಗೆ ಹೇಳದಿರುವುದು, ಇವು ನಮ್ಮ ಸ್ತ್ರೀಯರು ಬಿಡತಕ್ಕ ಅಭ್ಯಾಸಗಳು. ಅಕ್ಷರ ಕಲಿತ ಸಹೋದರಿಯರು ಈ ಮಾತನ್ನು ತಾಯಂದಿರಿಗೂ ನೆರೆಹೊರೆಯವರಿಗೂ ಸಂಕೋಚವಿಲ್ಲದೆ ತಿಳಿಸಲಿ. ಕಿರಿಯ ಆರ್.ಎನ್.ಎ.ಗಳ ಭಾಷೆಯನ್ನು ವಿದ್ವಾಂಸರು ಓದುತ್ತಿರಲಿ. ಶರೀರವು ಎಲ್ಲರಿಗೂ ಕಾಣುವಂತೆ ಬರೆದ ಈ ಸೂಚನೆಗಳನ್ನು ಓದುವುದು ನಮ್ಮಿಂದಲೇ ಆಗತಕ್ಕದ್ದು.