ವಿಶ್ವಸಂಸ್ಥೆಯ ಸೇವೆಗೆ ನಮ್ಮ ಮಕ್ಕಳು: ಹಣ ಕಟ್ಟುವ ಮುನ್ನ ಓದಿ



ಹೋದ ವರ್ಷ ನಮ್ಮ ಟ್ರಸ್ಟಿನಿಂದ ಒಂದು ತಪ್ಪಾಯಿತು. ಸಾರ್ವಜನಿಕ ಆಡಳಿತ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ‘ಅಂತರರಾಷ್ಟ್ರೀಯ ಸೇವಾ ತರಬೇತಿ’ಗೆ ಆಯ್ಕೆಯಾಗಿರುವುದಾಗಿ ಪತ್ರ ತಂದಳು. ಮೇಲೆ ವಿಶ್ವಸಂಸ್ಥೆಯ ಲಾಂಛನವೂ ಇತ್ತು. ಅವಳ ತಂದೆ ಅರ್ಧ ಹಣ ಹೊಂದಿಸಿದ್ದರು, ಉಳಿದರ್ಧ ನಾವು ಕೊಟ್ಟೆವು. ಎರಡು ದಿನ ಭಾಷಣ, ಕೈಗೊಂದು ಪ್ರಮಾಣಪತ್ರ, ಅಷ್ಟೇ. ವಿಶ್ವಸಂಸ್ಥೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹುಡುಗಿಯ ಆಸೆ ತಪ್ಪಲ್ಲ. ವಿಚಾರಿಸದೆ ನಿಮ್ಮ ಹಣ ಕೊಟ್ಟದ್ದು ನಮ್ಮ ತಪ್ಪು. ಆಮೇಲೆ ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲನೆಯ ಮಾತು: ಅರ್ಜಿ, ಸಂದರ್ಶನ, ತರಬೇತಿ, ಹೀಗೆ ನೇಮಕಾತಿಯ ಯಾವ ಹಂತದಲ್ಲೂ ವಿಶ್ವಸಂಸ್ಥೆ ಶುಲ್ಕ ಪಡೆಯುವುದಿಲ್ಲ.

ನಮ್ಮ ಮಕ್ಕಳಿಗೆ ಎಟುಕುವ ದಾರಿ ‘ಯುಎನ್ ವಾಲಂಟಿಯರ್ಸ್’. 1970ರಲ್ಲಿ ಸ್ಥಾಪನೆಯಾದ ಈ ಕಾರ್ಯಕ್ರಮದ ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. 18ರಿಂದ 26 ವರ್ಷದವರಿಗೆ ಯುವ ಸ್ವಯಂಸೇವಕರೆಂಬ ವರ್ಗವಿದೆ. ಆಯ್ಕೆಯಾದವರು ಸ್ವದೇಶದಲ್ಲಾಗಲಿ ಹೊರದೇಶದಲ್ಲಾಗಲಿ ದುಡಿಯಬಹುದು. ಸಂಬಳವೆಂದಲ್ಲ, ಜೀವನ ನಿರ್ವಹಣೆಗೆ ಭತ್ಯೆ ಮತ್ತು ವಿಮೆ ಇರುತ್ತದೆ. ಇದಲ್ಲದೆ ಮನೆಯಲ್ಲೇ ಕುಳಿತು ಮಾಡುವ ಆನ್‌ಲೈನ್ ಸೇವೆಯೂ ಉಂಟು. ವಾರಕ್ಕೆ ಗರಿಷ್ಠ 20 ತಾಸು, ಹೆಚ್ಚೆಂದರೆ 12 ವಾರ. ಅನುವಾದ, ಮಾಹಿತಿ ಜೋಡಿಸುವುದು, ವರದಿ ಬರೆಯುವುದು ಇಂಥ ಕೆಲಸಗಳು. ಹಣ ಬರುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಮಗಳನ್ನು ದೂರ ಕಳಿಸಲು ಹಿಂಜರಿಯುವ ಮನೆಯವರು ಮೊದಲು ಇದನ್ನು ನೋಡಲಿ. ಸಚಿವಾಲಯದ ಇಂಟರ್ನ್‌ಶಿಪ್ ಬೇರೆಯೇ ಲೆಕ್ಕ: ಅಲ್ಲಿ ವೇತನವಿಲ್ಲ, ವಿಮಾನದ ಖರ್ಚೂ ನ್ಯೂಯಾರ್ಕಿನ ಬಾಡಿಗೆಯೂ ವಿದ್ಯಾರ್ಥಿಯ ತಲೆಯ ಮೇಲೆ. ಅದು ನಮ್ಮ ಟ್ರಸ್ಟಿನ ಶಕ್ತಿಗೆ ಮೀರಿದ್ದು.

‘ಹಳ್ಳಿಯ ಹುಡುಗರಿಗೆ ಅಲ್ಲೇನು ಕೆಲಸ?’ ಎಂದು ಪಾಲಕರು ಕೇಳುತ್ತಾರೆ. ನಮ್ಮೂರಿನ ಸಹಕಾರ ಸಂಘ ಹುಟ್ಟಿದ ಬಗೆ ನೆನೆಯಿರಿ. ಜರ್ಮನಿಯ ವೆಯರ್‌ಬುಷ್ ಎಂಬ ಹಳ್ಳಿಯಲ್ಲಿ ರೈಫೈಸನ್ ಎಂಬ ಮೇಯರ್ ಇದ್ದರು. 1846–47ರ ಬರಗಾಲದ ಚಳಿಯಲ್ಲಿ ಅವರು ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ಬ್ರೆಡ್ ಒದಗಿಸಿದರು. ಮುಂದೆ ರೈತರ ಸಾಲದ ಸಂಘಗಳನ್ನು ಕಟ್ಟಿದರು. ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಇಂಥ ಸಂಘಗಳನ್ನು ಅಭ್ಯಸಿಸಿ 1890ರ ದಶಕದಲ್ಲಿ ವರದಿ ಬರೆದರು. 1904ರಲ್ಲಿ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಂಘ ಕಟ್ಟಿದರು. ಒಂದು ಹಳ್ಳಿಯ ಆಡಳಿತವನ್ನು ಒಬ್ಬರು ಸರಿಯಾಗಿ ನೋಡಿ ಬರೆದದ್ದರಿಂದ ಇನ್ನೊಂದು ಹಳ್ಳಿಗೆ ಉಪಯೋಗವಾಯಿತು. ಸಾರ್ವಜನಿಕ ಆಡಳಿತ ಓದುವವರು ಕಲಿಯಬೇಕಾದ ವಿದ್ಯೆ ಇದೇ ಎಂದು ನಾವು ತಿಳಿದಿದ್ದೇವೆ.

ಅದನ್ನು ಕಲಿಯಲು ಬಾನ್‌ಗೆ ಹೋಗಬೇಕಿಲ್ಲ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ಜಲನಿರ್ಮಲ ಯೋಜನೆಗೆ ಸೇರಿದ 11 ಜಿಲ್ಲೆಗಳಲ್ಲಿ ಗದಗವೂ ಒಂದು. ಊರವರೇ ಸಮಿತಿ ಮಾಡಿಕೊಂಡು ನೀರಿನ ವ್ಯವಸ್ಥೆ ನಡೆಸಬೇಕೆಂಬುದು ಅದರ ಪದ್ಧತಿ. ಆ ಸಮಿತಿಗಳಲ್ಲಿ ಯಾವುದು ಉಳಿಯಿತು, ಯಾವುದು ಯಾಕೆ ನಿಂತಿತು ಎಂದು ವಿಚಾರಿಸಿ ಬರೆದರೆ ಅದು ಪರದೇಶದವರೂ ಓದಬೇಕಾದ ವರದಿ. ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಹತ್ತಿರದಲ್ಲೇ ಇದೆ.

ಆದ್ದರಿಂದ ಈ ಸಲ ಸಾರ್ವಜನಿಕ ಆಡಳಿತದ ವಿದ್ಯಾರ್ಥಿಗಳು ಶಿಷ್ಯವೇತನದ ಅರ್ಜಿಯ ಜೊತೆ ತಮ್ಮ ಗ್ರಾಮ ಪಂಚಾಯಿತಿಯ ಯಾವುದಾದರೂ ಒಂದು ಕಾಮಗಾರಿಯ ಬಗ್ಗೆ ಎರಡು ಪುಟ ಬರೆದು ಕೊಡಬೇಕು. ಗ್ರಾಮಸಭೆಗೆ, ಜಮಾಬಂದಿಗೆ ಹೋಗಿ ಕೂತು ಬರೆಯಿರಿ. ಕನ್ನಡದಲ್ಲಿ ಸಾಕು, ಇಂಗ್ಲಿಷಿಗೆ ತರುವುದನ್ನು ನಾವು ಕಲಿಸುತ್ತೇವೆ, ಶಾಲೆಯಲ್ಲಿ ಇಷ್ಟು ವರ್ಷ ಅದನ್ನೇ ಮಾಡಿದವರು ನಮ್ಮಲ್ಲಿದ್ದಾರೆ. ಪಾಸ್‌ಪೋರ್ಟ್ ಶುಲ್ಕ, ಇಂಟರ್ನೆಟ್ ಖರ್ಚು ಟ್ರಸ್ಟ್ ಕೊಡುತ್ತದೆ. ಪ್ರಮಾಣಪತ್ರಕ್ಕಾಗಿ ಕೇಳುವ ನೋಂದಣಿ ಹಣ ಕೊಡುವುದಿಲ್ಲ.

ಯಾವುದೇ ಆಯ್ಕೆ ಪತ್ರ ಬಂದರೆ ಹಣ ಕಟ್ಟುವ ಮುನ್ನ ತಂದು ತೋರಿಸಿ. ಶುಕ್ರವಾರ ಜುಮಾ ನಮಾಜಿನ ಬಳಿಕ ನಮ್ಮಲ್ಲಿ ಇಬ್ಬರು ಟ್ರಸ್ಟಿನ ಕಚೇರಿಯಲ್ಲಿ ಇರುತ್ತಾರೆ.